ಹೆಸರು ಸೇರಿಸಿದ್ದು ನಾನು

ನೈರೋಬಿಗೆ ಹೋಗಿ ಬಂದೆನೆಂದು ತಿಳಿದವರೆಲ್ಲ ಮೊದಲು ಕೇಳುವುದು, ಸಿಂಹ ನೋಡಿದಿರಾ ಎಂದು. ಇಲ್ಲ. ಜಿರಾಫೆಯನ್ನೂ ನೋಡಲಿಲ್ಲ. ಆ ಊರಿನಲ್ಲಿ ನಾನಿದ್ದದ್ದು ಐದೇ ದಿನ. ಎರಡನೆಯ ದಿನ ಒಂದು ಮಾತು ಆಡಿದೆ. ಉಳಿದ ದಿನಗಳೆಲ್ಲ ಆ ಮಾತಿನ ಹಿಂದೆ ಓಡುವುದರಲ್ಲಿ ಕಳೆದವು.

ಹೋಗಿದ್ದು ಉಪನ್ಯಾಸ ಕೊಡಲು. ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತ ಕೂದಲು ನರೆಸಿಕೊಂಡವಳು ನಾನು. ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ಅರಮನೆಗಳಲ್ಲಿ ಬದುಕಿದ ಆಸ್ಥಾನಿಕರು ಬರೆದಿಟ್ಟ ನೆನಪುಗಳನ್ನು ಓದುವುದು ನನ್ನ ಹಳೆಯ ಹುಚ್ಚು. ಬೆಳಿಗ್ಗೆ ಫ್ರಾನ್ಸಿನ ದೊರೆ ಎದ್ದಾಗ ಅಂಗಿ ಕೈಗೆ ಕೊಟ್ಟವರು ಯಾರು, ಮಲಗುವಾಗ ಮೇಣದಬತ್ತಿ ಹಿಡಿಯುವ ಭಾಗ್ಯ ಯಾರದಾಯಿತು, ರಾಣಿಯ ಎದುರು ಪುಟ್ಟ ಪೀಠದ ಮೇಲೆ ಕೂರುವ ಹಕ್ಕು ಯಾರಿಗೆ ತಪ್ಪಿತು, ಯಾರ ಹೆಂಡತಿ ಯಾರ ಜೊತೆ ತೋಟದಲ್ಲಿ ಕಾಣಿಸಿಕೊಂಡಳು, ಇಂಥವೇ ಆ ಬರಹಗಳ ತುಂಬ. ಅರ್ಧಕ್ಕರ್ಧ ಚಾಡಿ. ಆದರೆ ಆ ಚಾಡಿಯೊಂದಿಲ್ಲದಿದ್ದರೆ ಅರಮನೆಯ ಒಳಗಿನ ಬದುಕು ನಮಗೆ ತಿಳಿಯುತ್ತಲೇ ಇರಲಿಲ್ಲ. ರಾಜಾಜ್ಞೆಗಳಲ್ಲಿ ಹೊಟ್ಟೆಕಿಚ್ಚು ದಾಖಲಾಗುವುದಿಲ್ಲವಲ್ಲ.

ಹಾಗೆಂದು ಸಿಕ್ಕಿದ್ದನ್ನೆಲ್ಲ ನಂಬುವಂತಿಲ್ಲ. ಬರೆದವರು ಕಣ್ಣಾರೆ ಕಂಡರೋ, ಯಾರೋ ಹೇಳಿದ್ದನ್ನು ಕೇಳಿದರೋ? ನಡೆದು ಎಷ್ಟು ವರ್ಷವಾದ ಮೇಲೆ ಬರೆದರು? ಬರೆದದ್ದರಿಂದ ಅವರಿಗೇನು ಲಾಭ? ದೂರು ಹೊತ್ತವರ ಮಾತು ಎಲ್ಲಾದರೂ ಉಳಿದಿದೆಯೇ? ನನ್ನ ವಿದ್ಯಾರ್ಥಿಗಳು ಇದನ್ನು ಮಗ್ಗಿಯಂತೆ ಒಪ್ಪಿಸಬಲ್ಲರು. ನೈರೋಬಿಯ ಒಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರು ನನ್ನನ್ನು ಕರೆಸಿಕೊಂಡದ್ದೂ ಇದನ್ನೇ ಹೇಳಲಿಕ್ಕೆ.

ಹೈರಿಡ್ಜ್, ಶನಿವಾರ

ಆಫ್ರಿಕವೆಂದರೆ ಸೆಕೆ ಎಂದುಕೊಂಡು ನಾನು ಹತ್ತಿ ಸೀರೆಗಳನ್ನಷ್ಟೇ ತುಂಬಿಕೊಂಡು ಹೋಗಿದ್ದೆ. ಜುಲೈ ತಿಂಗಳ ನೈರೋಬಿಯಲ್ಲಿ ಜನ ಉಣ್ಣೆ ಟೋಪಿ ಹಾಕಿಕೊಂಡು ಓಡಾಡುತ್ತಾರೆ. ವಿಮಾನ ನಿಲ್ದಾಣಕ್ಕೆ ಬಂದಿದ್ದ ಹಿಲ್ಡಾ ನನ್ನನ್ನು ನೋಡಿದವಳೇ ತನ್ನ ಸ್ವೆಟರ್ ಬಿಚ್ಚಿ ನನ್ನ ಹೆಗಲಿಗೆ ಹಾಕಿದಳು.

"ಎಂತ ಮಾರಾಯ್ತಿ, ಇಷ್ಟು ಓದಿದ್ದೀ, ಇಲ್ಲಿಯ ಚಳಿ ಬಗ್ಗೆ ಒಂದು ಸಲ ಕೇಳಬಾರದಿತ್ತಾ?"

ಹಿಲ್ಡಾ ಮಂಗಳೂರಿನವಳು. ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಕೋಣೆಯಲ್ಲೇ ಇದ್ದವಳು. ಈಗ ಇಲ್ಲಿ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಡಾಕ್ಟರು. ಹೈರಿಡ್ಜಿನ ಅವಳ ಫ್ಲ್ಯಾಟಿಗೆ ಹೋಗುವ ಬೀದಿಯಲ್ಲಿ ಪ್ರತಿ ಮನೆಗೂ ಎತ್ತರದ ಗೋಡೆ, ಗೋಡೆಯ ಮೇಲೆ ಕರೆಂಟಿನ ತಂತಿ, ಗೇಟಿನಲ್ಲಿ ಅಸ್ಕಾರಿ ಎಂದು ಕರೆಯುವ ಕಾವಲುಗಾರ. ಬಂದವರ ಹೆಸರನ್ನು ಅವನು ದೊಡ್ಡ ಪುಸ್ತಕದಲ್ಲಿ ಬರೆದುಕೊಳ್ಳದೆ ಒಳಗೆ ಬಿಡುವುದಿಲ್ಲ. ಗೋಡೆಯ ಒಳಗೆ ಹೋದರೆ ಮಾತ್ರ ನಮ್ಮೂರೇ. ಒಂದು ಬಾಗಿಲಿನಿಂದ ಗುಜರಾತಿ ಒಗ್ಗರಣೆ, ಇನ್ನೊಂದರಿಂದ ಕೊಂಕಣಿ ಜಗಳ.

ಆ ಸಂಜೆ ಚಹಾಕ್ಕೆ ಮೇಲಿನ ಮಹಡಿಯ ಥೆರೆಸಾ ಬಾಯಿ ಬಂದರು. ಎಪ್ಪತ್ತು ದಾಟಿದ ವಿಧವೆ. ಈ ಊರಿಗೆ ಮದುವೆಯಾಗಿ ಬಂದು ಎಲ್ಲರ ಬಾಣಂತನ, ಎಲ್ಲರ ಸಾವು ನೋಡಿದವರು. ಮಂಡಾಜಿ ತಂದಿದ್ದರು. ನಮ್ಮ ಮಂಗಳೂರು ಬನ್ಸಿನ ತಮ್ಮನಂತಿರುವ ಕರಿದ ತಿಂಡಿ. ಮಾತು ಮಕ್ಕಳ ಶಾಲೆ, ಪರೀಕ್ಷೆಯ ಕಡೆ ಹೊರಳಿತು.

"ಪರೀಕ್ಷೆ ಅಂತ ನಂಬಲಿಕ್ಕೆ ಉಂಟಾ ಬಾಯಿ?" ಎಂದರು ಥೆರೆಸಾ, ಅವರಿಗೆ ಹೆಂಗಸರೆಲ್ಲ ಬಾಯಿ. "ಮೊಂಬಾಸದಲ್ಲಿ ಒಬ್ಬರು ಮಾಸ್ಟ್ರು, ನಿಮ್ಮ ಘಟ್ಟದ ಮೇಲಿನವರೇ ಅಂತೆ. ಪೇಪರ್ ಮೊದಲೇ ಮಕ್ಕಳಿಗೆ ಕೊಟ್ಟು ಸಿಕ್ಕಿಬಿದ್ದದ್ದು. ಈಗ ಇಲ್ಲಿಯೇ ದೊಡ್ಡ ಶಾಲೆಯಲ್ಲಿ ಇದ್ದಾರಂತೆ. ನೋಡಿ!"

ಹಿಲ್ಡಾ "ಅಯ್ಯೋ" ಎಂದಳು. ನಾನು ಇನ್ನೊಂದು ಮಂಡಾಜಿ ತೆಗೆದುಕೊಂಡೆ. ಮಾತು ಬೇರೆಡೆಗೆ ಹೋಯಿತು. ಅರ್ಧ ಗಂಟೆಯ ಮೇಲೆ ಹಿಲ್ಡಾಳ ಮಗಳು ಅನಿಶಾ ಒಳಗೆ ಬಂದಳು. ಹದಿನಾರರ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ.

"ಆಂಟಿ, ಮೈ ಹಿಸ್ಟರಿ ಸರ್ ಈಸ್ ಫ್ರಮ್ ಕರ್ನಾಟಕ ಟೂ. ಮಿಸ್ಟರ್ ರಘುನಾಥ್, ಫ್ರಮ್ ಹಾಸನ್. ಹಿ ಈಸ್ ಕಮಿಂಗ್ ಫಾರ್ ಯುವರ್ ಟಾಕ್!"

"ಹೌದಾ? ಬರಲಿ ಬರಲಿ" ಎಂದೆ. ಅವಳ ಶಾಲೆ ದೊಡ್ಡ ಶಾಲೆ. ಅವಳ ಮೇಷ್ಟ್ರು ಘಟ್ಟದ ಮೇಲಿನವರು. ನನ್ನ ತಲೆಯೊಳಗೆ ಎರಡು ಎಳೆಗಳು ಸದ್ದಿಲ್ಲದೆ ಗಂಟು ಬಿದ್ದವು. ಗಂಟು ಬಿದ್ದದ್ದು ನನಗೂ ಗೊತ್ತಾಗಲಿಲ್ಲ.

ಸ್ಪ್ರಿಂಗ್ ವ್ಯಾಲಿ, ಭಾನುವಾರ

ಮರುದಿನ ಮಧ್ಯಾಹ್ನದ ಊಟ ಜಯಕರ ಶೆಟ್ಟರ ಮನೆಯಲ್ಲಿ. ಉಡುಪಿ ಕಡೆಯವರು, ಇಂಡಸ್ಟ್ರಿಯಲ್ ಏರಿಯಾದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ ಇಟ್ಟವರು, ಕರ್ನಾಟಕದಿಂದ ಯಾರು ಬಂದರೂ ಒಂದು ಊಟ ಹಾಕದೆ ಕಳಿಸದವರು. ಸ್ಪ್ರಿಂಗ್ ವ್ಯಾಲಿಯ ಅವರ ಮನೆಯ ಮುಂದೆ ಆಕಾಶಕ್ಕೆ ಬೆಳೆದ ಮರಗಳು, ಹುಲ್ಲಿನ ಮೇಲೆ ಮೇಜು. ಹದಿನೈದು ಜನ ಇದ್ದಿರಬೇಕು. ಶೆಟ್ಟರ ಹೆಂಡತಿ ಶಶಿಕಲಾ ನನ್ನನ್ನು ಶೆಟ್ಟರ ಬಲಗಡೆಗೆ ಕೂರಿಸಿ, "ಇವತ್ತು ನೀವೇ ನಮಗೆ ರಾಣಿ" ಎಂದರು.

ಕೋರಿ ರೊಟ್ಟಿ ಬಡಿಸಿದರು. ನಾನು ಸಸ್ಯಾಹಾರಿ ಎಂದು ತಿಳಿದು ನನಗೆ ಬೇರೆ ಬಾಳೆಕಾಯಿ ಗಸಿ. ಅರಮನೆಯ ಕಥೆ ಹೇಳಿ ಎಂದರು; ಹೇಳಿದೆ. ಪೀಠಕ್ಕಾಗಿ ಕಿತ್ತಾಡಿದ ಹೆಂಗಸರು, ಸೀನಿದ್ದಕ್ಕೆ ಪದವಿ ಕಳೆದುಕೊಂಡ ಮುದುಕ. ಎಲ್ಲರೂ ಕೈಯಲ್ಲಿ ತುತ್ತು ಹಿಡಿದು ನಕ್ಕರು. ನನ್ನ ಗಂಡ, ನನ್ನ ಮಕ್ಕಳು, ನನ್ನ ಸಹೋದ್ಯೋಗಿಗಳು ಯಾರೂ ಈ ಕಥೆಗಳನ್ನು ಹೀಗೆ ಬಾಯಿ ತೆರೆದು ಕೇಳಿದವರಲ್ಲ. ನನಗೆ ಸ್ವಲ್ಪ ತಲೆ ತಿರುಗಿತ್ತು ಎಂದರೆ ಸುಳ್ಳಲ್ಲ.

ಆಗ ಶೆಟ್ಟರು ನನ್ನತ್ತ ಬಾಗಿ ಕೇಳಿದರು. "ಮೇಡಂ, ನಾನು ಒಂದು ಶಾಲೆಯ ಟ್ರಸ್ಟಿ. ಹೊಸ ಪ್ರಿನ್ಸಿಪಾಲ್ ಆಗಬೇಕು. ಬೇರೆ ಶಾಲೆಯಲ್ಲಿರುವ ಹಾಸನದ ರಘುನಾಥ್ ಅಂತ ಒಬ್ಬರ ಹೆಸರು ಬಂದಿದೆ. ನಿಮ್ಮದೇ ಸಬ್ಜೆಕ್ಟ್. ನಿಮಗೆ ಗೊತ್ತುಂಟಾ?"

ಗೊತ್ತಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇನ್ನೂರೈವತ್ತು ವರ್ಷದ ಹಿಂದಿನ ಸಂಗತಿ ಬಲ್ಲವಳಿಗೆ ಈ ಊರಿನದೂ ಒಂದಿಷ್ಟು ಗೊತ್ತು ಎಂದು ತೋರಿಸಿಕೊಳ್ಳುವ ಆಸೆ ನಾಲಿಗೆಯ ತುದಿಗೆ ಬಂತು.

"ಪರಿಚಯ ಇಲ್ಲ. ಆದರೆ ಮೊಂಬಾಸದಲ್ಲಿದ್ದಾಗ ಪ್ರಶ್ನೆಪತ್ರಿಕೆ ವಿಚಾರದಲ್ಲಿ ಏನೋ ಆಗಿತ್ತು ಅಂತ ಕೇಳಿದೀನಿ. ಒಂದು ಸಲ ವಿಚಾರಿಸೋದು ಒಳ್ಳೇದು."

ಶೆಟ್ಟರ ಕೈ ತಟ್ಟೆಯ ಮೇಲೆ ನಿಂತಿತು. "ಹೌದಾ?" ಎಂದರು. ಇನ್ನೇನೂ ಕೇಳಲಿಲ್ಲ. ಮೇಜಿನ ಆ ತುದಿಯಲ್ಲಿ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಹಿಲ್ಡಾ ಮಾತ್ರ ನನ್ನನ್ನು ಒಂದು ಥರ ನೋಡಿದಳು. ಆದರೆ ಅಷ್ಟರಲ್ಲಿ ಪಾಯಸ ಬಂತು.

ವಿಶ್ವವಿದ್ಯಾಲಯ, ಸೋಮವಾರ

ಸಭಾಂಗಣ ತುಂಬಿತ್ತು. ಇತಿಹಾಸ ವಿಭಾಗದ ಡಾ. ವಾಂಜಿಕು ನನ್ನನ್ನು ಪರಿಚಯಿಸಿದರು. ನಾನು ಆ ದಿನ ಆರಿಸಿಕೊಂಡದ್ದು ರಾಜಕುಮಾರಿಯೊಬ್ಬಳಿಗೆ ಪುಸ್ತಕ ಓದಿ ಹೇಳುವ ಕೆಲಸದಲ್ಲಿದ್ದ ಹೆಂಗಸಿನ ಪ್ರಸಂಗ. ಅವಳು ಒಡತಿಯ ಕಾಗದಗಳನ್ನು ಹೊರಗಿನವರಿಗೆ ಕದ್ದು ಕೊಡುತ್ತಿದ್ದಳೆಂದು ಒಬ್ಬ ಆಸ್ಥಾನಿಕ ಬರೆದ. ಬರೆದದ್ದು ಮುದುಕನಾದ ಮೇಲೆ. ತಾನು ಕಂಡದ್ದೆಂದು ಎಲ್ಲಿಯೂ ಹೇಳಿಲ್ಲ. ಅವಳ ಕೆಲಸ ತನ್ನ ತಂಗಿಯ ಮಗಳಿಗೆ ಸಿಗಬೇಕೆಂದು ಓಡಾಡಿದವನು ಅವನೇ. ಆಮೇಲಿನವರೆಲ್ಲ ಅದನ್ನೇ ನೋಡಿ ಬರೆದರು. ಆ ಹೆಂಗಸು ತನ್ನ ಕೈಯಿಂದ ಬರೆದದ್ದು ಒಂದು ಸಾಲೂ ನಮಗೆ ಸಿಕ್ಕಿಲ್ಲ.

ಚಪ್ಪಾಳೆ ಬಂತು. ಪ್ರಶ್ನೆಗಳು ಮುಗಿದು ಜನ ಚಹಾದ ಕಡೆ ಹೊರಟಾಗ ತೆಳ್ಳನೆಯ, ಕನ್ನಡಕದ ಒಬ್ಬ ಗಂಡಸು ನನ್ನ ಹತ್ತಿರ ಬಂದು ನಿಂತರು. ಕಾರ್ಯಕ್ರಮದ ಹಾಳೆಯನ್ನು ಕೊಳವೆಯಂತೆ ಸುತ್ತಿ ಹಿಡಿದಿದ್ದರು.

"ನಮಸ್ಕಾರ ಮೇಡಂ. ನಾನು ರಘುನಾಥ."

"ಓ, ಅನಿಶಾ ಹೇಳಿದ್ಳು..." ಎಂದು ಶುರು ಮಾಡಿದೆ.

"ನಿನ್ನೆ ಶೆಟ್ಟರ ಮನೆಯಲ್ಲಿ ನನ್ನ ವಿಷಯ ಮಾತಾಡಿದ್ರಂತೆ."

ನನ್ನ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟೆ.

"ನಾನು ಮೊಂಬಾಸದಲ್ಲಿ ಕೆಲಸ ಮಾಡೇ ಇಲ್ಲ ಮೇಡಂ. ಇಪ್ಪತ್ತೆರಡು ವರ್ಷದಿಂದ ಇದೇ ಊರು, ಒಂದೇ ಶಾಲೆ. ಬೆಳಿಗ್ಗೆ ಶೆಟ್ಟರು ಫೋನ್ ಮಾಡಿದ್ರು. ಯಾರು ಹೇಳಿದ್ದು ಅಂತ ಕೇಳ್ದೆ. ಮೈಸೂರಿನ ಪ್ರೊಫೆಸರ್ ಹೇಳಿದ್ದು, ಅವರಿಗೆ ಸುಳ್ಳು ಹೇಳಿ ಏನಾಗಬೇಕು ಅಂದ್ರು."

ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ನಾಳೆ ಮೂರು ಗಂಟೆಗೆ ಕಮಿಟಿ ಕೂರುತ್ತೆ. ನಾನು ಇವತ್ತು ಇಲ್ಲಿಗೆ ಬರಬಾರದು ಅಂದ್ಕೊಂಡಿದ್ದೆ. ಆದ್ರೆ ಎರಡು ವಾರದಿಂದ ಕಾಯ್ತಿದ್ದ ಉಪನ್ಯಾಸ. ಒಂದೇ ಒಂದು ಕೇಳ್ತೀನಿ. ನಿಮಗೆ ಯಾರು ಹೇಳಿದ್ದು?"

ನಾನು ಬಾಯಿ ತೆರೆದೆ. ಥೆರೆಸಾ ಬಾಯಿ ರಘುನಾಥ ಎಂಬ ಹೆಸರನ್ನು ಹೇಳಿದ ಕ್ಷಣವನ್ನು ನೆನಪಿಸಿಕೊಳ್ಳಲು ಹೊರಟೆ. ಅಂಥ ಕ್ಷಣವೇ ಸಿಗಲಿಲ್ಲ.

"ನನಗೆ ನಾಳೆವರೆಗೆ ಸಮಯ ಕೊಡಿ" ಎಂದೆ.

"ನನ್ನ ಹತ್ರ ಇರೋದೂ ಅಷ್ಟೇ ಸಮಯ" ಎಂದರು. ಚಹಾ ಕುಡಿಯದೆ ಹೊರಟುಹೋದರು.

ಸಂಜೆ ಮನೆಗೆ ಬಂದರೆ ಅನಿಶಾ ಸೋಫಾದ ಮೇಲೆ ಮೊಬೈಲ್ ಹಿಡಿದು ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ಅವಳ ತರಗತಿಯ ಗುಂಪಿನಲ್ಲಿ ಬಂದ ಸಂದೇಶ ತೋರಿಸಿದಳು. ರಘುನಾಥ್ ಸರ್ ಮೊಂಬಾಸದಲ್ಲಿ ಜೈಲಿಗೆ ಹೋಗಿ ಬಂದವರಂತೆ. ಒಂದು ದಿನ ಕಳೆಯುವಷ್ಟರಲ್ಲಿ ನನ್ನ 'ಏನೋ ಆಗಿತ್ತು' ಎಂಬುದು ಜೈಲಾಗಿತ್ತು.

"ಹೂ ವುಡ್ ಸೇ ಸಚ್ ಅ ಥಿಂಗ್, ಆಂಟಿ?"

ಹಿಲ್ಡಾ ಅಡುಗೆಮನೆಯಲ್ಲಿ ಪಾತ್ರೆ ಇಡುತ್ತಿದ್ದ ಸದ್ದು ನಿಂತಿತು. ನಾನು ಹೇಳಿದೆ. "ನಾನೇ, ಪುಟ್ಟಿ." ಹುಡುಗಿ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಂಡಸ್ಟ್ರಿಯಲ್ ಏರಿಯಾ, ಮಂಗಳವಾರ

ಬೆಳಿಗ್ಗೆ ಥೆರೆಸಾ ಬಾಯಿಯ ಮನೆಗೆ ಹೋದೆ. ಅವರು ಬೆಳಗಿನ ಪ್ರಾರ್ಥನೆ ಮುಗಿಸಿ ಇಗರ್ಜಿಯಿಂದ ಆಗತಾನೇ ಬಂದಿದ್ದರು.

"ನಾನು ಯಾವ ಹೆಸರೂ ಹೇಳಲಿಲ್ಲವಲ್ಲ! ಹೆಸರು ನನಗೇ ಗೊತ್ತಿಲ್ಲ. ಹಿಸ್ಟರಿ ಅಂತ ಕೂಡ ಹೇಳಲಿಲ್ಲ ನಾನು."

"ನೀವು ನೋಡಿದ್ದಾ ಬಾಯಿ?"

"ನಾನು ಎಂತ ನೋಡುವುದು? ನಮ್ಮ ಇಗರ್ಜಿಯ ಲೂಸಿ ಹೇಳಿದ್ದು. ಲೂಸಿಗೆ ಅವಳ ನಾದಿನಿ. ಅವಳು ಮೊಂಬಾಸದಲ್ಲಿ ಇರುವುದು, ಮಗ ಕಲಿಯುವುದು ಆ ಶಾಲೆಯಲ್ಲೇ."

ನಾದಿನಿಯ ಫೋನ್ ನಂಬರು ಸಿಗುವ ಹೊತ್ತಿಗೆ ಹನ್ನೊಂದೂವರೆ, ಅವರು ಫೋನ್ ಎತ್ತುವ ಹೊತ್ತಿಗೆ ಒಂದು ಗಂಟೆ. ಥೆರೆಸಾ ಬಾಯಿ ಕೊಂಕಣಿಯಲ್ಲಿ ಬಹಳ ಹೊತ್ತು ಮಾತಾಡಿದರು. ಮಾತಾಡುತ್ತ ಆಡುತ್ತ ಅವರ ಮುಖ ಇಳಿಯಿತು. ಫೋನ್ ಇಟ್ಟು ಕುರ್ಚಿಯ ಮೇಲೆ ಕೂತರು.

"ಅದು ಗಣಿತದ ಮಾಸ್ಟ್ರಂತೆ ಬಾಯಿ. ಕರ್ನಾಟಕದವರೇ ಅಲ್ಲವಂತೆ. ಪೇಪರ್ ಕೊಟ್ಟದ್ದು ಅವರಲ್ಲ ಅಂತ ಆಮೇಲೆ ಗೊತ್ತಾಗಿ ಶಾಲೆಯವರು ವಾಪಸ್ ಕರೆದರಂತೆ. ಅವರು ಹೋಗಲಿಲ್ಲವಂತೆ." ಶಿಲುಬೆಯ ಗುರುತು ಮಾಡಿಕೊಂಡರು. "ಅರ್ಧ ಮಾತ್ರ ನನ್ನ ಕಿವಿಗೆ ಬಂದದ್ದು. ದೇವರೇ."

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಕೇಳಿ ಬೆಳೆದವಳು ನಾನು. ಇಲ್ಲಿ ಕಂಡವರೇ ಯಾರೂ ಇರಲಿಲ್ಲ.

ಶೆಟ್ಟರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಸಂದೇಶ ಕಳಿಸಿದೆ, ನೋಡಿದ ಗುರುತು ಬೀಳಲಿಲ್ಲ. ಕಾರ್ಖಾನೆಯ ಕಚೇರಿಯಲ್ಲಿ ಎತ್ತಿದ ಹೆಂಗಸು, ಸಾಹೇಬರು ಯಂತ್ರಗಳ ಹತ್ತಿರ ಇದ್ದಾರೆ, ಮೂರಕ್ಕೆ ಶಾಲೆಯ ಮೀಟಿಂಗು ಇಲ್ಲೇ ಮಹಡಿಯ ಮೇಲೆ ಎಂದಳು. ಹಿಲ್ಡಾ ಆಸ್ಪತ್ರೆಯಿಂದಲೇ ತನ್ನ ಪರಿಚಯದ ಟ್ಯಾಕ್ಸಿ ಡ್ರೈವರ್ ಕಮಾವ್‌ನನ್ನು ಕಳಿಸಿದಳು. ಒಂದೂಮುಕ್ಕಾಲಿಗೆ ಹೊರಟೆವು.

ಬೆಂಗಳೂರಿನ ಟ್ರಾಫಿಕ್ಕು ಕಂಡವಳು ನಾನು, ಹೆದರಬೇಕಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಗಾಡಿಗಳು ಕಿರುಚುತ್ತವೆ. ಇಲ್ಲಿ ಸುಮ್ಮನೆ ನಿಲ್ಲುತ್ತವೆ. ಇಂಡಸ್ಟ್ರಿಯಲ್ ಏರಿಯಾದ ಬಾಯಿಗೆ ಬರುವಷ್ಟರಲ್ಲಿ ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಹಾಡು ಹಾಕಿಕೊಂಡ ಮಟಾಟು ಬಸ್ಸು. ಎರಡೂವರೆ ಆಯಿತು. ಮುಳ್ಳು ಸರಿಯಿತು, ನಾವು ಸರಿಯಲಿಲ್ಲ.

"ಎಷ್ಟು ದೂರ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಹತ್ತಿರವೇ ಮಮಾ. ಆದರೆ ಇವತ್ತು ಹತ್ತಿರವೂ ದೂರ" ಎಂದ ಕಮಾವ್. ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಗಾಜು ಇಳಿಸಿ, ಲಾರಿಗಳ ಸಂದಿಯಲ್ಲಿ ನುಸುಳುತ್ತಿದ್ದ ಬಾಡಿಗೆ ಬೈಕಿನವನೊಬ್ಬನನ್ನು ಕೂಗಿ ಕರೆದು ಸ್ವಾಹಿಲಿಯಲ್ಲಿ ಏನೋ ಹೇಳಿದ. ಆ ನಡುವಯಸ್ಸಿನ ಮನುಷ್ಯ ನನ್ನ ಸೀರೆಯನ್ನೊಮ್ಮೆ, ತನ್ನ ಬೈಕನ್ನೊಮ್ಮೆ ನೋಡಿ, "ಸಾವಾ" ಎಂದ. ಸರಿ ಎಂದರ್ಥ.

ಗಂಡನ ಸ್ಕೂಟರ್ ಬಿಟ್ಟರೆ ನಾನು ಇನ್ನೊಬ್ಬರ ಗಾಡಿಯ ಹಿಂದೆ ಕೂತವಳಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಗಳನ್ನು ಮುದ್ದೆ ಮಾಡಿ ಹಿಡಿದು ಕೂತೆ. ಎರಡು ಲಾರಿಗಳ ನಡುವೆ ಹೋಗುವಾಗ ಮಂಡಿ ತಗಡಿಗೆ ಉಜ್ಜಿತು. ಒಂದು ಚಪ್ಪಲಿ ಬಿತ್ತು. "ಚಪ್ಪಲಿ!" ಎಂದು ಕನ್ನಡದಲ್ಲೇ ಕಿರುಚಿದೆ. ಅವನಿಗೆ ಅರ್ಥವಾಗಲಿಲ್ಲ, ಅರ್ಥವಾಗಿದ್ದರೂ ನಿಲ್ಲಿಸಬೇಡ ಎನ್ನುತ್ತಿದ್ದೆ.

ಕಾರ್ಖಾನೆಯ ಗೇಟಿನಲ್ಲಿ ಮೂರಕ್ಕೆ ಐದು ನಿಮಿಷ. ಅಸ್ಕಾರಿ ಪುಸ್ತಕ ತೆರೆದು ಗುರುತಿನ ಚೀಟಿ ಕೇಳಿದ. ಪಾಸ್‌ಪೋರ್ಟು ಹೈರಿಡ್ಜಿನ ಕಪಾಟಿನಲ್ಲಿತ್ತು. ಒಂದು ಕಾಲಿಗೆ ಚಪ್ಪಲಿ ಇಲ್ಲದ, ಕೆದರಿದ ಕೂದಲಿನ ಹೆಂಗಸನ್ನು ಅವನು ಒಳಗೆ ಬಿಡುವಂತಿರಲಿಲ್ಲ. ಅದು ಅವನ ತಪ್ಪೂ ಅಲ್ಲ. ಚೀಲವನ್ನೆಲ್ಲ ತಡಕಾಡಿದೆ. ಉಪನ್ಯಾಸದ ಭಿತ್ತಿಪತ್ರ ಮಡಿಸಿಟ್ಟಿದ್ದೆ, ಊರಿನಲ್ಲಿ ತೋರಿಸಲಿಕ್ಕೆ. ಅದರಲ್ಲಿ ನನ್ನ ಫೋಟೋ, ಕೆಳಗೆ ಹೆಸರು, ಡಿಗ್ರಿಗಳು. ಅವನು ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ.

"ಪ್ರೊಫೆಸರ್?" ಎಂದ, ನಂಬಲಾಗದೆ.

"ಹೌದಪ್ಪ" ಎಂದೆ. ಗೇಟು ತೆರೆಯಿತು.

ಮಹಡಿಯ ಕೋಣೆಯಲ್ಲಿ ಶೆಟ್ಟರು, ಇನ್ನೊಬ್ಬ ಹಿರಿಯರು, ಮತ್ತು ಶ್ರೀಮತಿ ಅಚಿಯೆಂಗ್ ಎಂಬ ನಿವೃತ್ತ ಮುಖ್ಯೋಪಾಧ್ಯಾಯಿನಿ ಕೂತಿದ್ದರು. ಮೂವರೂ ನನ್ನ ಪಾದ ನೋಡಿದರು. ನಾನು ಕೂರದೆ, ಮೂವರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದೆ.

"ಭಾನುವಾರ ನಾನು ಹೇಳಿದ್ದು ತಪ್ಪು. ನಾನು ನೋಡಿಲ್ಲ. ನನಗೆ ಹೇಳಿದವರೂ ನೋಡಿಲ್ಲ. ಅವರು ರಘುನಾಥ್ ಹೆಸರನ್ನೇ ಎತ್ತಿರಲಿಲ್ಲ. ಹೆಸರು ಸೇರಿಸಿದ್ದು ನಾನು." ಮೊಂಬಾಸದಿಂದ ತಿಳಿದದ್ದನ್ನೂ ಹೇಳಿದೆ.

ಶೆಟ್ಟರು ಪೆನ್ನನ್ನು ಮೇಜಿಗೆ ಕುಟ್ಟಿದರು. "ಭಾನುವಾರದ ಮೇಡಮನ್ನು ನಂಬಬೇಕಾ, ಇವತ್ತಿನ ಮೇಡಮನ್ನು ನಂಬಬೇಕಾ? ನೀವೇ ಹೇಳಿ."

"ಇವತ್ತಿನವಳನ್ನು. ಇವತ್ತು ವಿಚಾರಿಸಿಕೊಂಡು ಬಂದಿದೀನಿ. ಬೇಕಾದರೆ ಮೊಂಬಾಸಕ್ಕೆ ನೀವೇ ಫೋನ್ ಮಾಡಿ."

ಶೆಟ್ಟರು ಮಾಡಿದರು, ಎಲ್ಲರಿಗೂ ಕೇಳುವಂತೆ. ಲೂಸಿಯ ನಾದಿನಿ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು. ಫೋನ್ ಇಟ್ಟ ಮೇಲೆ ಅಚಿಯೆಂಗ್ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು. "ನಿಮಗೆ ಆ ಮನುಷ್ಯನ ಮೇಲೆ ದ್ವೇಷವಿಲ್ಲ. ಮತ್ತೆ ಯಾಕೆ ಹೇಳಿದಿರಿ?"

ಈ ಪ್ರಶ್ನೆಯನ್ನು ಎಷ್ಟೋ ಆಸ್ಥಾನಿಕರ ಬರಹಕ್ಕೆ ನಾನು ಕೇಳಿದ್ದೆ. ಲಾಭವೇನು, ಲಾಭವೇನು ಎಂದು. ಹೀಗೊಂದು ಉತ್ತರ ಇರಬಹುದೆಂದು ಹೊಳೆದೇ ಇರಲಿಲ್ಲ.

"ಎಲ್ಲರೂ ನನ್ನ ಮಾತು ಕೇಳುತ್ತಿದ್ದರು. ಅದು ನನಗೆ ಹಿಡಿಸಿತ್ತು."

ಆಕೆ ತಲೆಯಾಡಿಸಿ ಒಂದು ಹಾಳೆ ನನ್ನ ಮುಂದೆ ಸರಿಸಿದರು. ಎಲ್ಲವನ್ನೂ ಬರೆದು, ಹೆಸರು ಹುದ್ದೆ ಸಮೇತ ಸಹಿ ಹಾಕಿದೆ. ಹೊರಗಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕಾದೆ. ಶೆಟ್ಟರು ಬಂದು ಎದುರು ನಿಂತರು.

"ಅವರನ್ನೇ ಪ್ರಿನ್ಸಿಪಾಲ್ ಮಾಡಿದೆವು. ಆದರೆ ಮೊದಲ ಒಂದು ವರ್ಷ ಹಂಗಾಮಿ ಅಂತ. ಹಂಗಾಮಿ ಬೇಡ ಅಂತ ನಾನು ಅಂದೆ, ಅಚಿಯೆಂಗ್ ಕೂಡ ಅಂದರು; ಆ ಹಿರಿಯರು ಚೇರ್ಮನ್, ಅವರು ಒಪ್ಪಲಿಲ್ಲ. ಮಾತು ನಮ್ಮ ಶಾಲೆಯ ಪೋಷಕರ ತನಕ ಹೋಗಿ ಆಗಿದೆ ಮೇಡಂ. ನಿಮ್ಮ ಕಾಗದ ಅಷ್ಟು ಬೇಗ ಹೋಗುವುದಿಲ್ಲ."

ಆಮೇಲೆ ಕೆಳಗಿಳಿದು ಹೋಗಿ ಒಂದು ಜೊತೆ ರಬ್ಬರು ಚಪ್ಪಲಿ ತರಿಸಿಕೊಟ್ಟರು.

ಪಾರ್ಕ್‌ಲ್ಯಾಂಡ್ಸ್, ಬುಧವಾರ

ವಿಮಾನ ಸಂಜೆಗಿತ್ತು. ಬೆಳಿಗ್ಗೆ ಅನಿಶಾ ತಾನಾಗಿ ಬಂದು, ಅವರ ಮನೆ ತೋರಿಸುತ್ತೇನೆ ಎಂದಳು. ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆಯ ಗೇಟಿನ ತನಕ ಬಂದು ಅಲ್ಲೇ ನಿಂತಳು.

ಬಾಗಿಲು ತೆರೆದದ್ದು ರಘುನಾಥರ ಹೆಂಡತಿ ವಿಮಲಾ. ನನ್ನ ವಯಸ್ಸಿನವರೇ. ನಾನು ಹೆಸರು ಹೇಳಿದೆ. ನಮ್ಮ ಕಡೆ ಶತ್ರು ಬಂದರೂ ಒಳಗೆ ಬನ್ನಿ ಎನ್ನುತ್ತಾರೆ. ಅವರು ಅನ್ನಲಿಲ್ಲ.

"ಅವರು ಸ್ಕೂಲಿಗೆ ಹೋದ್ರು. ರಜೆ ಹಾಕಿ ಅಂದೆ. ಹೋಗದಿದ್ರೆ ಹೆದರಿದ ಹಾಗಾಗುತ್ತೆ ಅಂದ್ರು."

"ನಾನು ಕ್ಷಮೆ ಕೇಳೋಕೆ ಬಂದೆ."

"ನೀವು ಬಂದ್ರೆ ಏನೂ ಅನ್ನಬೇಡ, ಒಂದು ಕಾಲಿಗೆ ಚಪ್ಪಲಿ ಇಲ್ದೆ ಓಡಿ ಬಂದಿದ್ರಂತೆ ಅಂತ ಅವರು ಹೇಳಿ ಹೋಗಿದಾರೆ. ಅವರಿಗೆ ಬೇಗ ಸಮಾಧಾನ ಆಗುತ್ತೆ." ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು. "ನನಗೆ ಆಗಿಲ್ಲ. ಸೋಮವಾರ ಅಂಗಡಿಗೆ ಹೋದಾಗ ನನ್ನ ನೋಡಿ ಇಬ್ಬರು ಮಾತು ನಿಲ್ಲಿಸಿದ್ರು. ಇಪ್ಪತ್ತೆರಡು ವರ್ಷ ನನ್ನ ಜೊತೆ ತರಕಾರಿ ಆರಿಸಿದೋರು. ನನಗೆ ಇನ್ನೂ ದಿನ ಬೇಕು."

"ಆಗಲಿ" ಎಂದೆ. ಕೈ ಮುಗಿದು ತಿರುಗಿದೆ.

"ನಿಲ್ಲಿ" ಎಂದರು. ಒಳಗೆ ಹೋದರು. ಹಾಲು ಉಕ್ಕುವ, ಲೋಟ ಇಡುವ ಸದ್ದು ಕೇಳಿಸಿತು. ಎರಡು ಲೋಟ ಕಾಫಿ ಹಿಡಿದು ಹೊರಗೇ ಬಂದು, ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದುಕೊಂಡರು. ಇಬ್ಬರೂ ಮೆಟ್ಟಿಲ ಮೇಲೆ ನಿಂತು, ಒಬ್ಬರ ಮುಖ ಒಬ್ಬರು ನೋಡದೆ ಕುಡಿದೆವು. ಐದು ದಿನಗಳಲ್ಲಿ ಕುಡಿದ ಮೊದಲ ಒಳ್ಳೆಯ ಕಾಫಿ ಅದು. ಹಾಗೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.